ಕೋಪನ್‌ಹೇಗನ್ನಿನ ಆರನೆಯ ಪ್ರಶ್ನೆ

ಬೇಗಂಪೇಟೆ

ಡೆನ್ಮಾರ್ಕಿಗೆ ಹೋಗಿ ಬಂದವರು ಸಮುದ್ರ, ಅರಮನೆ, ಹೂದೋಟಗಳನ್ನು ವರ್ಣಿಸಬೇಕೆಂದು ಓದುಗರು ಬಯಸುತ್ತಾರೆ. ನಾನು ಹನ್ನೆರಡು ದಿನಗಳಲ್ಲಿ ಕಣ್ತುಂಬ ನೋಡಿದ್ದು ಒಂದು ಪ್ರಯೋಗಾಲಯ, ಒಂದು ಮಂಚ ಮತ್ತು ಗಾಜಿನ ನಳಿಕೆಯಲ್ಲಿ ನನ್ನದೇ ರಕ್ತ. ಈ ಮೂರನ್ನೂ ಹೈದರಾಬಾದಿನಲ್ಲೇ ನೋಡಬಹುದಿತ್ತು. ಆದರೂ ಆಂಧ್ರಪ್ರದೇಶದ ರಾಜಧಾನಿಯಿಂದ ಅಷ್ಟು ದೂರ ಹೋಗಿದ್ದಕ್ಕೆ ಕಾರಣ ನಮ್ಮ ಪಾಟೀಲ ಸಾಹೇಬರು.

ಸಾಹೇಬರು ಬೀದರ ಕಡೆಯವರು, ಹೈದರಾಬಾದಿನ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ನನ್ನ ಮ್ಯಾನೇಜರು. ಹೊಟ್ಟೆಯ ಆಮ್ಲ ಇಳಿಸುವ ರಾನಿಟಿಡಿನ್ ಗುಳಿಗೆಯನ್ನು ನಮ್ಮ ಕಾರ್ಖಾನೆ ರಾಶಿಗಟ್ಟಲೆ ತಯಾರಿಸುತ್ತದೆ. ಅದರ ಹಿಂಭಾಗದ ಒಂದು ಕೋಣೆಯಲ್ಲಿ ನಾನೂ ರಾಯಚೂರಿನ ಗಿರಿಜಾಬಾಯಿಯವರೂ ನಾಲ್ಕು ವರ್ಷಗಳಿಂದ ಒಂದು ಬಿಳಿ ಪುಡಿಯ ಹಿಂದೆ ಬಿದ್ದಿದ್ದೆವು. ಅಲರ್ಜಿ ಇದ್ದವರ ದೇಹದಲ್ಲಿ ಕೆಲವು ಜಾತಿಯ ಬಿಳಿ ರಕ್ತಕಣಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಗೆ ಚೆಲ್ಲುತ್ತವೆ. ಸೀನು, ತುರಿಕೆ, ದದ್ದು ಎಲ್ಲವೂ ಅದರ ಪ್ರಸಾದ. ನಮ್ಮ ಪುಡಿ ಆ ಚೆಲ್ಲುವಿಕೆಯನ್ನು ತಡೆಯಬೇಕಿತ್ತು. ಒಮ್ಮೊಮ್ಮೆ ತಡೆಯುತ್ತಲೂ ಇತ್ತು.

“ಏನ್ರಿ ಬಿರಾದಾರ, ನಿಮ್ಮ ಪುಡಿ ಸೋಮವಾರ ಡ್ಯೂಟಿ ಮಾಡತೈತಿ, ಮಂಗಳವಾರ ರಜಾ ಹಾಕತೈತಿ. ಹಿಂಗಾದ್ರ ಹೆಂಗ್ರಿ?” ಎಂದು ಸಾಹೇಬರು ಕೇಳುತ್ತಿದ್ದರು. ಸೋಮವಾರ ನಾವು ಗಿರಿಜಾಬಾಯಿಯವರ ರಕ್ತದಲ್ಲಿ ಪರೀಕ್ಷೆ ಮಾಡುತ್ತಿದ್ದೆವು. ಮಂಗಳವಾರ ಸಾಹೇಬರು ದೊಡ್ಡ ಮನಸ್ಸು ಮಾಡಿ ತಮ್ಮದೇ ತೋಳು ಚಾಚುತ್ತಿದ್ದರು. ಮ್ಯಾನೇಜರ ರಕ್ತದಲ್ಲಿ ದೋಷ ಹುಡುಕುವ ವಿಜ್ಞಾನ ನಮ್ಮ ದೇಶದಲ್ಲಿ ಇನ್ನೂ ಬೆಳೆದಿಲ್ಲ. ಹೀಗಾಗಿ ದೋಷವೆಲ್ಲ ಹೋಗಿ ಕೂರುತ್ತಿದ್ದುದು ಒಂದೇ ಕಡೆ. “ಗಿರಿಜಾಬಾಯಿ ಕೈ ಸರಿ ಇಲ್ರಿ. ಟ್ಯೂಬ್ ಛಲೋ ತೊಳೆಯೂದಿಲ್ಲ” ಎಂದು ಸಾಹೇಬರು ತೀರ್ಪು ಕೊಡುತ್ತಿದ್ದರು. ಗಿರಿಜಾಬಾಯಿ ಮತ್ತೊಮ್ಮೆ ತೊಳೆಯುತ್ತಿದ್ದರು.

ಕೊನೆಗೊಂದು ದಿನ ಸಾಹೇಬರ ತಾಳ್ಮೆ ಮುಗಿಯಿತು. ಹಿಸ್ಟಮಿನ್ ಅಳೆಯುವುದರಲ್ಲಿ ಪಳಗಿದ ಕೋಪನ್‌ಹೇಗನ್ನಿನ ಪ್ರೊಫೆಸರೊಬ್ಬರು ನನ್ನ ಪತ್ರಕ್ಕೆ ಉತ್ತರಿಸಿ, ಪುಡಿ ತೆಗೆದುಕೊಂಡು ಬನ್ನಿ ಎಂದಿದ್ದರು. “ಹೋಗಿ ತೋರಿಸಿ ಬರ್ರಿ” ಎಂದರು ಸಾಹೇಬರು. “ಅಲ್ಲೂ ಆಗಲಿಲ್ಲಂದ್ರ ಖೋಲಿ ಬಂದ್. ನೀವು ನಾಚಾರಂ ಫ್ಯಾಕ್ಟರಿಗೆ ಮುಲಾಮಿನ ಟ್ಯೂಬ್ ತುಂಬಾಕ ಹೋಗ್ರಿ. ಗಿರಿಜಾಬಾಯಿ ಟೆಂಪರರಿ, ಮನಿಗೆ ಹೋಗತಾಳ.”

ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಗಿರಿಜಾಬಾಯಿ ಬಂದರು. ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ಪುಡಿಯ ಶೀಶೆ ಇಟ್ಟು ತಂದಿದ್ದರು. “ಸರ, ಪುಡಿ ಕೆಲಸ ಮಾಡತೈತ್ರಿ. ನಾ ಕಣ್ಣಾರೆ ನೋಡೀನಿ” ಎಂದಷ್ಟೇ ಹೇಳಿ ಫ್ಲಾಸ್ಕ್ ಕೊಟ್ಟರು.

ನನ್ನ ಹೆಂಡತಿ ಶಾಂತಾ ಅಷ್ಟರಲ್ಲಿ ನಾರಾಯಣಗೂಡದ ನಮ್ಮ ಅಡುಗೆಮನೆಯ ಅರ್ಧವನ್ನು ಸೂಟ್‌ಕೇಸಿಗೆ ವರ್ಗ ಮಾಡಿದ್ದಳು. “ಔಷಧದ ಡಬ್ಬಿ ಬ್ಯಾರೆ ಇಟ್ಟೀನ್ರಿ, ಜ್ವರದ್ದು ಭೇದಿದ್ದು ಎಲ್ಲಾ ಅದರಾಗ ಐತಿ. ಊಟ ಆದಮ್ಯಾಲಿನ ಸಾಮಾನು ಈ ಚೀಲದಾಗ ಐತಿ” ಎಂದಳು. ಚೀಲದಲ್ಲಿ ಅಡಿಕೆ, ಸೋಂಪು, ಗ್ಯಾಸಿನ ಗುಳಿಗೆ ಇದ್ದವು. ಔಷಧದ ಡಬ್ಬಿಯನ್ನು ನಾನು ಕೊನೆಯವರೆಗೂ ತೆರೆಯಲಿಲ್ಲ, ಅಷ್ಟು ಆರೋಗ್ಯವಂತ.

ಸುಂಕದ ಕಟ್ಟೆ

ಬಿಳಿ ಪುಡಿ ಹೊತ್ತು ಪರದೇಶಕ್ಕೆ ಇಳಿಯುವವನ ಎದೆಬಡಿತ ಹೇಗಿರುತ್ತದೆ ಎಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ. ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು, ಮೂರು ನಕಲು ಎಲ್ಲ ಸಿದ್ಧವಾಗಿದ್ದವು. ಕೋಪನ್‌ಹೇಗನ್ನಿನ ಸುಂಕದ ಅಧಿಕಾರಿ ಅದ್ಯಾವುದನ್ನೂ ನೋಡಲಿಲ್ಲ. ಶೀಶೆ ಎತ್ತಿ, “ಇದು ಮಾದಕ ವಸ್ತುವೇ?” ಎಂದು ಕೇಳಿದ. “ಇಲ್ಲ” ಎಂದೆ. ಪ್ರೊಫೆಸರರ ಪತ್ರದ ಮೇಲೆ ಕಣ್ಣಾಡಿಸಿ, ಸರಿ ಎಂದು ಶೀಶೆ ವಾಪಸು ಕೊಟ್ಟ. ನನಗೆ ಅವಮಾನವೇ ಆಯಿತು. ಮೂರು ನಕಲಿಗಾಗಿ ನಾನು ಎಷ್ಟು ಕಚೇರಿ ಅಲೆದಿದ್ದೆನೆಂದು ಅವನಿಗೇನು ಗೊತ್ತು.

ಆದರೆ ಶೇಂಗಾ ಚಟ್ನಿಪುಡಿಯ ಡಬ್ಬಿ ಅವನಿಗೆ ಹಿಡಿಸಲಿಲ್ಲ. ಮುಚ್ಚಳ ತೆಗೆದು ಮೂಸಿದ, ನಾಲ್ಕು ಸಲ ಸೀನಿದ. ಈ ಸೀನು ಹಿಸ್ಟಮಿನ್ನಿನದಲ್ಲ, ಬ್ಯಾಡಗಿ ಮೆಣಸಿನಕಾಯಿಯದು ಎಂದು ವಿವರಿಸುವಷ್ಟರಲ್ಲಿ ಅವನು ನನ್ನನ್ನು ಹೊರಗೆ ಕಳಿಸಿಬಿಟ್ಟ.

ಒಮ್ಮೆ ‘ಬೇಡ’ ಎಂದರೆ

ಪ್ರೊಫೆಸರರ ಹೆಸರು ಹೆನ್ರಿಕ್. ಎತ್ತರದ ಮನುಷ್ಯ, ಸೈಕಲ್ಲಿನಲ್ಲಿ ಬರುತ್ತಾರೆ, ಕಾಫಿ ತಾವೇ ಸೋಸಿಕೊಳ್ಳುತ್ತಾರೆ. ಎಲ್ಲರೂ ಅವರನ್ನು ಹೆನ್ರಿಕ್ ಎಂದೇ ಕರೆಯುತ್ತಾರೆ, ಕಸ ಗುಡಿಸುವವರೂ ಕೂಡ. ನನ್ನ ನಾಲಿಗೆ ಅದಕ್ಕೆ ಒಪ್ಪಲಿಲ್ಲ. ‘ಹೆನ್ರಿಕ್ ಸರ್’ ಎಂಬಲ್ಲಿಗೆ ರಾಜಿ ಆಯಿತು. ಭಾರತದವರು ಅದನ್ನೇ ತಮ್ಮ ಪೂರ್ತಿ ಹೆಸರೆಂದು ತಿಳಿದಿದ್ದಾರೆ ಎಂದು ಅವರು ಕೊನೆಯವರೆಗೂ ನಂಬಿದ್ದರು.

ಮೊದಲ ದಿನ ನನಗಾಗಿ ಕೇಕು ತರಿಸಿದ್ದರು. ತಟ್ಟೆ ನನ್ನ ಮುಂದೆ ಬಂತು. ನಾನು ನಮ್ಮ ಮರ್ಯಾದೆಯ ಪ್ರಕಾರ ‘ಬೇಡ’ ಎಂದೆ. ಎರಡನೆಯ ಸಲ ಒತ್ತಾಯಿಸುತ್ತಾರೆ, ಮೂರನೆಯ ಸಲ ಆಣೆ ಹಾಕುತ್ತಾರೆ, ಆಮೇಲೆ ತಿನ್ನುವುದು ಎಂಬುದು ನನ್ನ ಲೆಕ್ಕಾಚಾರ. ತಟ್ಟೆ ಮುಂದೆ ಹೋಯಿತು, ಮತ್ತೆ ಬರಲಿಲ್ಲ. ಎಂಟು ಜನ ನನ್ನ ಸ್ವಾಗತದ ಕೇಕನ್ನು ನನ್ನೆದುರೇ ತಿಂದು ಮುಗಿಸಿ, ಬೆರಳು ಒರೆಸಿಕೊಂಡು, ನನಗೆ ಶುಭ ಕೋರಿದರು. ಕಲಬುರಗಿಯ ಮದುವೆ ಪಂಕ್ತಿಯಲ್ಲಿ ಎರಡೂ ಕೈಯಿಂದ ಎಲೆ ಮುಚ್ಚಿಕೊಂಡರೂ ಬೆರಳ ಸಂದಿಯಲ್ಲಿ ತುಪ್ಪ ಬಡಿಸುವ ಜನ ನಾವು. ಆ ದಿನ ನನಗೆ ನನ್ನ ಜನರ ಮೇಲೆ ಬಹಳ ಪ್ರೀತಿ ಉಕ್ಕಿತು.

ರಕ್ತದ ಕೋಣೆ

ಅಲ್ಲಿ ಇನ್ನೊಂದು ಸಂಪ್ರದಾಯವಿದೆ. ಪ್ರಯೋಗಕ್ಕೆ ಬೇಕಾದ ತಾಜಾ ರಕ್ತವನ್ನು ಪ್ರಯೋಗಾಲಯದವರೇ ಸರದಿಯ ಮೇಲೆ ಕೊಡುತ್ತಾರೆ. ರಕ್ತದ ಕೋಣೆಯ ಯಜಮಾನಿ ಕಿರ್ಸ್ಟನ್, ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ತಂತ್ರಜ್ಞೆ. ರಕ್ತ ಕೊಡುವವರಿಗೆ ಪ್ರತಿದಿನ ಬೆಳಿಗ್ಗೆ ಒಂದು ಹಾಳೆ ಕೊಡುತ್ತಾಳೆ, ಅದರಲ್ಲಿ ಏಳು ಪ್ರಶ್ನೆ. ನಿದ್ದೆ ಬಂತೇ, ಜ್ವರವಿದೆಯೇ ಇತ್ಯಾದಿ. ಆರನೆಯ ಪ್ರಶ್ನೆ: ಕಳೆದ ಒಂದು ವಾರದಲ್ಲಿ ಯಾವುದಾದರೂ ಔಷಧ ತೆಗೆದುಕೊಂಡಿದ್ದೀರಾ?

ಅದು ಮೇ ತಿಂಗಳು. ಆ ದೇಶದಲ್ಲಿ ಬರ್ಚ್ ಎಂಬ ಮರ ಆ ಕಾಲಕ್ಕೆ ಪರಾಗ ಸುರಿಸುತ್ತದೆ, ಜನ ಸೀನುತ್ತಾರೆ. ಪ್ರಯೋಗಾಲಯದ ಅರ್ಧ ಮಂದಿ ಸೀನಿನ ಗುಳಿಗೆ ನುಂಗುತ್ತಿದ್ದರು. ಆರನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ‘ಹೌದು’ ಎಂದು ಬರೆದು ಸರದಿಯಿಂದ ಹೊರಗೆ ಉಳಿದಿದ್ದರು. ಒಬ್ಬಳು ತಲೆನೋವಿಗೆ ಅರ್ಧ ಮಾತ್ರೆ ತಿಂದದ್ದನ್ನು ಬರೆದಿದ್ದಳು. ಕಿರ್ಸ್ಟನ್‌ಗೆ ರಕ್ತದೊತ್ತಡದ ಗುಳಿಗೆ. ಒಟ್ಟಿನಲ್ಲಿ ಇಡೀ ಕಟ್ಟಡದಲ್ಲಿ ಶುದ್ಧ ರಕ್ತದವನು ನಾನೊಬ್ಬನೇ ಉಳಿದೆ. ‘ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಈ ಬಿಳಿಯರು ಒಂದು ಮರಕ್ಕೆ ಇಷ್ಟು ಹೆದರುತ್ತಾರಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ನಮ್ಮಲ್ಲಿ ಕಾಂಗ್ರೆಸ್ ಗಿಡದ ಪೊದೆಯೊಳಗೇ ಬಸ್‌ಸ್ಟಾಪ್ ಇರುತ್ತದೆ.

ಸಾಕು ಎನ್ನದ ಕಣಗಳು

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು, ಓದುಗರು ಸಹಿಸಿಕೊಳ್ಳಬೇಕು. ಹಿಸ್ಟಮಿನ್ ಇರುವುದು ಕಣದ ಹೊಟ್ಟೆಯಲ್ಲಿ, ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ. ಪರಾಗವೋ ಧೂಳೋ ಬಂದು ಕಣವನ್ನು ಕೆರಳಿಸಿದರೆ ಪೊಟ್ಟಣ ಹೊರಗೆ ಸುರಿಯುತ್ತದೆ. ಸುರಿದದ್ದೆಲ್ಲ ಪರರ ಪಾಲಿಗಲ್ಲ. ಅದೇ ಕಣದ ಮೈಮೇಲೆ ಹಿಸ್ಟಮಿನ್ನನ್ನು ಗುರುತಿಸುವ ಒಂದು ರಿಸೆಪ್ಟರ್ ಇದೆ, ಎರಡನೆಯ ನಂಬರಿನದು. ಹೊರಗೆ ಬಿದ್ದ ಹಿಸ್ಟಮಿನ್ ಅದನ್ನು ಮುಟ್ಟಿದಾಗ ಕಣಕ್ಕೆ ಸುದ್ದಿ ಹೋಗುತ್ತದೆ: ಸಾಕು, ನಿಲ್ಲಿಸು. ತಾನು ಕೂಗಿದ್ದನ್ನು ತಾನೇ ಕೇಳಿಸಿಕೊಂಡು ದನಿ ತಗ್ಗಿಸುವ ಗುಣ. ನಮ್ಮ ಕಾರ್ಖಾನೆಯಲ್ಲಿ ಆಫೀಸರ ದರ್ಜೆಯ ಮೇಲಿನವರಲ್ಲಿ ಇದು ಕಂಡುಬಂದಿಲ್ಲ. ಹೊಸ ಹಿಸ್ಟಮಿನ್ ತಯಾರಿಸುವುದಕ್ಕೂ ರಿಸೆಪ್ಟರುಗಳ ಇಂಥದೇ ಲಗಾಮು ಇದೆಯೇ ಎಂಬುದು ಹೆನ್ರಿಕ್ ಸರ್ ಅವರ ಸ್ವಂತ ಹುಡುಕಾಟ.

ನಮ್ಮ ಪುಡಿ ಹಿಸ್ಟಮಿನ್ ಅಲ್ಲ, ಆದರೆ ಹಿಸ್ಟಮಿನ್ನಿನ ವೇಷ ಹಾಕಿಕೊಂಡು ಆ ಎರಡನೆಯ ನಂಬರಿನ ರಿಸೆಪ್ಟರನ್ನು ಮಾತ್ರ ಮುಟ್ಟುತ್ತದೆ. ಪುಡಿ ಹಾಕಿದ ರಕ್ತವನ್ನು ಕೆರಳಿಸಿದರೆ ಹಿಸ್ಟಮಿನ್ ಕಡಿಮೆ ಸುರಿಯಬೇಕು. ಯಂತ್ರದ ಪೆನ್ನು ಕಾಗದದ ಮೇಲೆ ಗುಡ್ಡ ಬರೆಯುತ್ತದೆ. ಪುಡಿ ಇಲ್ಲದ ರಕ್ತಕ್ಕೆ ದೊಡ್ಡ ಗುಡ್ಡ, ಪುಡಿ ಇದ್ದದ್ದಕ್ಕೆ ಸಣ್ಣ ಗುಡ್ಡ ಬರಬೇಕು.

ಮೊದಲ ದಿನ ಎರಡೂ ಗುಡ್ಡ ಒಂದೇ ಎತ್ತರ ಬಂದವು. ಎರಡನೆಯ ದಿನವೂ ಅಷ್ಟೇ. ಪುಡಿಯನ್ನು ಹೆಚ್ಚು ಹಾಕಿ ನೋಡಿದೆವು, ಹೊಸ ನಳಿಕೆಯಲ್ಲಿ ನೋಡಿದೆವು, ಹೆನ್ರಿಕ್ ಸರ್ ತಮ್ಮ ಕೈಯಾರೆ ಮಾಡಿ ನೋಡಿದರು. ಒಂದು ವಾರ ಕಳೆದರೂ ನನ್ನ ರಕ್ತ ಬಗ್ಗಲಿಲ್ಲ.

“ನಿಮ್ಮ ಕಣಗಳು ಚೆನ್ನಾಗಿ ಸಿಡಿಯುತ್ತವೆ. ಆದರೆ ಯಾರು ಸಾಕೆಂದರೂ ಕೇಳುವುದಿಲ್ಲ” ಎಂದಳು ಕಿರ್ಸ್ಟನ್. ಈ ಮಾತನ್ನು ಶಾಂತಾ ಇಪ್ಪತ್ತು ವರ್ಷದಿಂದ ಯಾವ ಯಂತ್ರದ ನೆರವೂ ಇಲ್ಲದೆ ಹೇಳುತ್ತಿದ್ದಾಳೆ.

ತಮಾಷೆಯ ಕೆಳಗೆ ನನಗೆ ಭಯ ಹತ್ತಿತ್ತು. ನಾಚಾರಂನ ಮುಲಾಮಿನ ಟ್ಯೂಬುಗಳು ಕಣ್ಣ ಮುಂದೆ ಸಾಲುಗಟ್ಟಿ ನಿಂತವು. ಎರಡನೆಯ ಸೋಮವಾರ ಮಧ್ಯಾಹ್ನ ಪಾಟೀಲ ಸಾಹೇಬರಿಗೆ ಒಂದು ಪತ್ರ ಬರೆದೆ. ಪುಡಿಯನ್ನು ತೂಗಿ ಶೀಶೆಗೆ ತುಂಬಿದವರು ಗಿರಿಜಾಬಾಯಿ, ಅಲ್ಲೇ ಎಡವಟ್ಟಾಗಿರಬಹುದು, ಅವರ ಕೈಯ ಬಗ್ಗೆ ತಾವು ಹೇಳುತ್ತಿದ್ದುದು ನಿಜವಿರಬಹುದು ಎಂದು ಬರೆದೆ. ಬರೆಯುವಾಗ ಅದು ನಿಜವೆಂದೇ ಅನ್ನಿಸಿತು, ಭಯಪಟ್ಟವನಿಗೆ ಅನ್ನಿಸುವ ಹಾಗೆ. ಅಂಚೆಚೀಟಿ ಇರಲಿಲ್ಲವಾದ್ದರಿಂದ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟೆ.

ಉಪ್ಪಿನಕಾಯಿಯ ಮಂಗಳವಾರ

ಆ ದೇಶದಲ್ಲಿ ಮಧ್ಯಾಹ್ನದ ಊಟವೆಂದರೆ ಕಪ್ಪು ಬ್ರೆಡ್ಡಿನ ಒಂದು ಚೂರು, ಅದರ ಮೇಲೆ ಮೀನು. ಮೀನು ತಿನ್ನದ ನನಗೆ ಬರೀ ಚೂರು. ಅದಕ್ಕೆ ನಾನು ಶಾಂತಾ ಕಟ್ಟಿಕೊಟ್ಟ ಆವಕಾಯಿ ಉಪ್ಪಿನಕಾಯಿ ಸವರಿಕೊಂಡು ತಿನ್ನುತ್ತಿದ್ದೆ. ಕಿರ್ಸ್ಟನ್ ಒಂದು ವಾರದಿಂದ ಆ ಕೆಂಪು ಎಣ್ಣೆಯನ್ನೇ ನೋಡುತ್ತಿದ್ದಳು. ಮಂಗಳವಾರ ತಡೆಯಲಾರದೆ ಕೇಳಿದಳು. ನಾನು ಧಾರಾಳವಾಗಿ ಬಡಿಸಿದೆ.

ಅವಳ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಎರಡು ಲೋಟ ಹಾಲು ಕುಡಿದು ಎದೆ ಒತ್ತಿಕೊಂಡು ಕೂತಳು. ಮನೆಗೆ ಬಂದವರ ಹೊಟ್ಟೆ ಕೆಡಿಸಿದರೆ ಸರಿಪಡಿಸುವ ಹೊಣೆಯೂ ನಮ್ಮದೇ. ನಾನು ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು ಮುಂದೆ ಹಿಡಿದೆ.

“ಇದೊಂದು ನುಂಗು, ಏನೂ ಆಗುವುದಿಲ್ಲ. ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದು ನುಂಗುತ್ತೇನೆ.”

ಅವಳು ನುಂಗಲಿಲ್ಲ. ಕನ್ನಡಕ ಹಾಕಿಕೊಂಡು ಪಟ್ಟಿಯ ಹಿಂಭಾಗ ಓದಿದಳು. ಮತ್ತೊಮ್ಮೆ ಓದಿದಳು. “ದಿನಾ?” ಎಂದಳು.

“ಹತ್ತು ವರ್ಷದಿಂದ” ಎಂದೆ ಹೆಮ್ಮೆಯಿಂದ. “ನಮ್ಮ ಕಾರ್ಖಾನೆಯದೇ.”

“ಆರನೆಯ ಪ್ರಶ್ನೆಗೆ ನೀವು ‘ಇಲ್ಲ’ ಎಂದು ಬರೆದಿದ್ದೀರಿ.”

“ಅದು ಔಷಧದ ಪ್ರಶ್ನೆ” ಎಂದೆ. “ಇದು ಗ್ಯಾಸಿಗೆ.”

ಹೀಗೆ ಹೇಳಿದ ಮೇಲೆ ನನ್ನ ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು. ಹೊಟ್ಟೆಯ ಗೋಡೆಯಲ್ಲಿ ಆಮ್ಲ ಸುರಿಸುವ ಕಣಗಳಿಗೂ ಇರುವುದು ಅದೇ ಎರಡನೆಯ ನಂಬರಿನ ರಿಸೆಪ್ಟರ್. ರಾನಿಟಿಡಿನ್ ಮಾಡುವ ಕೆಲಸ ಒಂದೇ, ಹೋಗಿ ಆ ರಿಸೆಪ್ಟರಿನ ಮೇಲೆ ಕೂರುವುದು, ಹಿಸ್ಟಮಿನ್ನಿಗೆ ಜಾಗ ಬಿಡದಿರುವುದು. ಇದನ್ನು ನಾನು ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ವರ್ಷಕ್ಕೆರಡು ಸಲ ಪಾಠ ಮಾಡುತ್ತೇನೆ, ಬೋರ್ಡಿನ ಮೇಲೆ ಚಿತ್ರ ಸಮೇತ. ಅದೇ ಗುಳಿಗೆಯನ್ನು ಬೆಳಿಗ್ಗೆ ಏಳಕ್ಕೆ ನುಂಗಿ ಎಂಟಕ್ಕೆ ತೋಳು ಚಾಚುತ್ತಿದ್ದೆ. ನನ್ನ ಪುಡಿ ಎಲ್ಲಿ ಕೂರಬೇಕೋ ಅಲ್ಲಿ ನಾನೇ ಬೇರೊಬ್ಬನನ್ನು ಕೂರಿಸಿ ಕಳಿಸುತ್ತಿದ್ದೆ. ಪುಡಿ ಬಂದು, ಜಾಗವಿಲ್ಲದ್ದನ್ನು ನೋಡಿ ಸುಮ್ಮನಾಗುತ್ತಿತ್ತು.

ಕಿರ್ಸ್ಟನ್ ಬೈಯಲಿಲ್ಲ. ಎಂಟು ದಿನದ ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟಳು. “ತಿದ್ದುವುದು ನಿಮ್ಮ ಕೆಲಸ, ಹೆನ್ರಿಕ್‌ಗೆ ಹೇಳುವುದೂ ನಿಮ್ಮ ಕೆಲಸ” ಎಂದು ಎದ್ದು ಹೋದಳು. ಒಂದೊಂದೇ ‘ಇಲ್ಲ’ವನ್ನು ಹೊಡೆದು ‘ಹೌದು’ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ಮೊಹರು ಒತ್ತಿ ಎಂದು ಯಾರೂ ಕೇಳಲಿಲ್ಲ. ನನ್ನ ಬರೀ ಮಾತನ್ನು ಅಷ್ಟು ದಿನ ನಂಬಿದ್ದರಲ್ಲ, ಅದಕ್ಕೆ ನಾಚಿಕೆಯಾಯಿತು.

ಶುಕ್ರವಾರ

ಶನಿವಾರ ನನ್ನ ವಿಮಾನ. ನಾನು ಎಲ್ಲ ಒಪ್ಪಿಕೊಂಡ ಮೇಲೆ ಹೆನ್ರಿಕ್ ಸರ್ ಗೋಡೆಯ ಕ್ಯಾಲೆಂಡರ್ ನೋಡಿ, “ಗುಳಿಗೆ ಬಿಡಿ, ಶುಕ್ರವಾರ ಕೊನೆಯ ಸಲ ನೋಡೋಣ” ಎಂದರು.

ಬುಧವಾರ, ಗುರುವಾರ ನಾನು ಬೇಯಿಸಿದ ಆಲೂಗಡ್ಡೆ ತಿಂದು ಬದುಕಿದೆ. ಹತ್ತು ವರ್ಷ ಕೂರಿಸಿದ್ದ ಕಾವಲುಗಾರ ಎದ್ದು ಹೋದ ಮೇಲೆ ಹೊಟ್ಟೆ ಸುಮ್ಮನಿರುತ್ತದೆಯೇ. ಎದೆಯಲ್ಲಿ ಬೆಂಕಿ, ಗಂಟಲಲ್ಲಿ ಹುಳಿ. ಕಾಲುವೆಯ ದಂಡೆಯ ಬೆಂಚಿನ ಮೇಲೆ ಮುದುಡಿ ಕೂತಿದ್ದ ನನ್ನನ್ನು ನೋಡಿ ಒಬ್ಬ ಅಜ್ಜಿ ಸೈಕಲ್ ನಿಲ್ಲಿಸಿ, ಸಹಾಯ ಬೇಕೇ ಎಂದಳು. ಬೇಡ ಎಂದೆ. ಹೊರಟೇಹೋದಳು.

ಶುಕ್ರವಾರ ಬೆಳಿಗ್ಗೆ ಅಲ್ಲಿ ಎಲ್ಲರೂ ಕೂಡಿ ಬ್ರೆಡ್ಡು ತಿನ್ನುವ ವಾಡಿಕೆ. ಆ ದಿನ ಬ್ರೆಡ್ಡು ಹಾಗೇ ಬಿಟ್ಟು ಎಂಟೂ ಜನ ಯಂತ್ರದ ಸುತ್ತ ನಿಂತರು. ಪೆನ್ನು ಮೊದಲ ಗುಡ್ಡ ಬರೆಯಿತು. ಎರಡನೆಯದಕ್ಕೆ ಏರತೊಡಗಿ, ಅರ್ಧಕ್ಕೂ ಬಾರದೆ ಇಳಿದುಬಿಟ್ಟಿತು. ಮತ್ತೆ ಮಾಡಿದೆವು, ಮತ್ತೆ ಇಳಿಯಿತು. ನಾನು ಅತ್ತೆ. ಸುಳ್ಳೇಕೆ ಹೇಳಲಿ, ಅಷ್ಟು ಜನರ ನಡುವೆ ನಿಂತು ಅತ್ತೆ.

“ಹಳೆಯ ಎಂಟು ದಿನದ ಕಾಗದ ಎಸೆಯಬೇಡಿ” ಎಂದರು ಹೆನ್ರಿಕ್ ಸರ್. “ರಾನಿಟಿಡಿನ್ ಕೂತಿದ್ದಾಗ ಪುಡಿ ಕೆಲಸ ಮಾಡಲಿಲ್ಲ, ಎದ್ದಾಗ ಮಾಡಿತು. ಅಂದರೆ ಪುಡಿ ಮುಟ್ಟುವುದು ಅದೇ ರಿಸೆಪ್ಟರನ್ನು. ಇಷ್ಟು ಒಳ್ಳೆಯ ಸಾಕ್ಷ್ಯವನ್ನು ಬುದ್ಧಿವಂತರು ಯಾರೂ ಯೋಜಿಸಲಾರರು.” ಹೊಗಳಿಕೆಯೆಂದೇ ತಿಳಿದುಕೊಂಡೆ. ಆ ದಿನ ಕೇಕಿನ ತಟ್ಟೆ ಬಂದಾಗ ಮೊದಲ ಸಲಕ್ಕೇ ‘ಬೇಕು’ ಎಂದೆ, ಎರಡು ತುಂಡು ತೆಗೆದುಕೊಂಡೆ.

ಜೀಡಿಮೆಟ್ಲಾ

ಸೋಮವಾರ ಫ್ಯಾಕ್ಟರಿಯಲ್ಲಿ ಪಾಟೀಲ ಸಾಹೇಬರು ನಮ್ಮ ಕೋಣೆಗೇ ಬಂದರು. ಗಿರಿಜಾಬಾಯಿ ಮೂಲೆಯಲ್ಲಿ ಟ್ಯೂಬ್ ತೊಳೆಯುತ್ತಿದ್ದರು. ನಾನು ಎಲ್ಲ ಹೇಳಿದೆ, ಆರನೆಯ ಪ್ರಶ್ನೆ, ಆವಕಾಯಿ, ಗುಳಿಗೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನ್ರಿ ಬಿರಾದಾರ, ಓದಿದವ್ರು ನೀವು! ಗುಳಗಿ ನುಂಗಿ ರಕ್ತ ಕೊಡತೀರೇನ್ರಿ?”

“ಸಾಹೇಬ್ರ, ನಿಮ್ಮ ಕಿಸೇದಾಗ ಏನೈತ್ರಿ?” ಎಂದೆ.

ಅವರು ನಗುತ್ತಲೇ ಅಂಗಿಯ ಜೇಬಿಗೆ ಕೈ ಹಾಕಿದರು. ಪೆನ್ನು ಬಂತು, ಏಲಕ್ಕಿ ಬಂತು, ನಮ್ಮ ಕಾರ್ಖಾನೆಯ ಗುಳಿಗೆಯ ಪಟ್ಟಿ ಬಂತು. ಎರಡು ಗುಳಿಗೆ ಖಾಲಿಯಾಗಿದ್ದವು.

“ಇದಾ?” ಎಂದರು. “ಇದೇನ್ ಔಷಧೇನ್ರಿ, ಇದು ಗ್ಯಾಸಿಂದು...” ಅಲ್ಲಿಗೆ ಅವರ ನಗು ನಿಂತಿತು.

ನಲ್ಲಿಯೂ ನಿಂತಿತು. ಗಿರಿಜಾಬಾಯಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮೇಜಿನ ಹತ್ತಿರ ಬಂದರು. ಬೆರಳ ತುದಿಗಳು ಸೋಪಿಗೆ ಬಿಳಚಿ ಬಿರಿದಿದ್ದವು. ನಾಲ್ಕು ವರ್ಷ ದಿನಾ ನೋಡಿದರೂ ನಾನು ಅದನ್ನು ನೋಡಿರಲಿಲ್ಲ.

“ನಾಲ್ಕು ವರ್ಷ ನನ್ನ ಕೈ ಬೈದ್ರಲ್ರಿ, ಸಾಹೇಬ್ರ” ಎಂದರು ಮೆಲ್ಲಗೆ. “ಮಂಗಳವಾರ ಮಂಗಳವಾರ ನಿಮ್ಮ ಕಿಸೆ ಒಮ್ಮೆ ನೋಡಿದ್ರ ಆಗತಿತ್ತು.”

 ಸಾಹೇಬರು ಪಟ್ಟಿಯನ್ನು ಮೇಜಿನ ಮೇಲಿಟ್ಟು ಎದ್ದು ನಿಂತರು. ಗಿರಿಜಾಬಾಯಿ ರಿಜಿಸ್ಟರ್ ತೆರೆದು ಅವರ ಹೆಸರು ಬರೆದುಕೊಂಡು, “ಶುಕ್ರವಾರ ಬರ್ರಿ. ಅಲ್ಲೀತನಕ ಏನೂ ನುಂಗಬ್ಯಾಡ್ರಿ” ಎಂದರು. ಸಾಹೇಬರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿ ಹೋದರು. ಶುಕ್ರವಾರ ಬಂದರು, ಅವರ ರಕ್ತದಲ್ಲೂ ಪುಡಿ ಕೆಲಸ ಮಾಡಿತು. ಕೋಣೆ ಉಳಿಯಿತು.

ಆ ಸೋಮವಾರ ಸಾಹೇಬರು ಹೋದ ಮೇಲೆ ಗಿರಿಜಾಬಾಯಿ ನನ್ನ ಕಡೆ ತಿರುಗಿ, “ನೀವಾದ್ರೂ ನನ್ನ ಕೈ ನಂಬಿದ್ರಿ ಸರ, ಅಷ್ಟ ಸಾಕು” ಎಂದರು. ನನ್ನ ಜೇಬಿನಲ್ಲಿ ಗುಳಿಗೆ ಇರಲಿಲ್ಲ. ಅಂಚೆಚೀಟಿ ಹಚ್ಚದ ಆ ಪತ್ರ ಇತ್ತು. ‘ಇಲ್ಲ, ನಾನೂ ನಂಬಿರಲಿಲ್ಲ’ ಎಂದು ಹೇಳಬೇಕಿತ್ತು. ಹೌದೆಂದು ತಲೆಯಾಡಿಸಿಬಿಟ್ಟೆ. ಪ್ರವಾಸದ ಬಗ್ಗೆ ಬರೆದದ್ದನ್ನು ಓದಲು ಕೊಡಿ ಎಂದು ಅವರು ಕೇಳಿದ್ದಾರೆ. ನಾಳೆ ಈ ಹಾಳೆಗಳನ್ನು ಕೊಡುತ್ತೇನೆ, ಜೊತೆಗೆ ಆ ಪತ್ರವನ್ನೂ.